114 ಮಿ.ಮೀ. ದೂರದರ್ಶಕಕ್ಕೆ ಯಾವ ಐಪೀಸ್ ಸೂಕ್ತ?

ಪ್ರಶ್ನೆ (ಕಲಬುರಗಿ):
ನನ್ನ ಬಳಿ 114 ಮಿ.ಮೀ. ವ್ಯಾಸದ, 900 ಮಿ.ಮೀ. ಸಂಗಮದೂರದ (ಫೋಕಲ್ ಲೆಂತ್, ಅಂದರೆ ಬೆಳಕು ಒಂದೆಡೆ ಕೂಡುವ ಬಿಂದುವಿನವರೆಗಿನ ದೂರ) ನ್ಯೂಟೋನಿಯನ್, ಅಂದರೆ ಕನ್ನಡಿ ಬಳಸುವ ದೂರದರ್ಶಕವಿದೆ. ಅದರೊಂದಿಗೆ 25 ಮತ್ತು 10 ಮಿ.ಮೀ.ಗಳ ಕಣ್ಣಿಟ್ಟು ನೋಡುವ ಮಸೂರಗಳಾದ ಎರಡು ಸಾಧಾರಣ ಐಪೀಸ್‌ಗಳು ಬಂದಿವೆ. ಮನೆಯ ಮಾಳಿಗೆಯಿಂದ ಚಂದ್ರ, ಗುರು, ಶನಿಗಳನ್ನು ನೋಡುತ್ತೇನೆ. ಚಿಂಚೋಳಿ ಕಡೆಯ ಹೊಲಕ್ಕೆ ಹೋದಾಗ ಅಲ್ಲಿನ ಕತ್ತಲಲ್ಲಿ ನಕ್ಷತ್ರಗುಚ್ಛಗಳನ್ನೂ ನೋಡುವ ಆಸೆಯಿದೆ. ಶನಿಯ ಬಳೆಗಳು ಇನ್ನೂ ದೊಡ್ಡದಾಗಿ ಕಾಣಲೆಂದು 4 ಮಿ.ಮೀ. ಐಪೀಸ್ ಮತ್ತು ಐಪೀಸಿನ ವರ್ಧನೆಯನ್ನು ಹೆಚ್ಚಿಸುವ 3 ಪಟ್ಟಿನ ಬಾರ್ಲೋ ಮಸೂರವನ್ನು ಕೊಳ್ಳುವುದು ಸರಿಯೇ? ನಾನು ಕನ್ನಡಕ ಧರಿಸುತ್ತೇನೆ. ದೂರದರ್ಶಕಕ್ಕೆ ಆಕಾಶದ ಚಲನೆಯನ್ನು ಹಿಂಬಾಲಿಸುವ ಮೋಟಾರು ಇಲ್ಲ.

ಉತ್ತರ 1 (ಬೀದರ್):
ದಯವಿಟ್ಟು ಅವೆರಡನ್ನೂ ಕೊಳ್ಳಬೇಡಿ. ದೂರದರ್ಶಕದ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ; 4 ಮಿ.ಮೀ. ಐಪೀಸ್ 225 ಪಟ್ಟು ಹಿಗ್ಗಿಸುತ್ತದೆ, ಬಾರ್ಲೋ ಸೇರಿದರೆ ಅದು 675 ಪಟ್ಟಾಗುತ್ತದೆ. ಆದರೆ ಕನ್ನಡಿಯ ವ್ಯಾಸದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು, ಅಂದರೆ ನಿಮಗೆ 228, ಎಂಬುದೇ ಮೇಲಿನ ಮಿತಿ, ಅದೂ ಗಾಳಿ ಬಹಳ ಸ್ಥಿರವಾಗಿರುವ ರಾತ್ರಿಗಳಲ್ಲಿ ಮಾತ್ರ. ಅದನ್ನು ದಾಟಿದರೆ ಬಿಂಬ ದೊಡ್ಡದಾಗುತ್ತದೆಯೇ ಹೊರತು ಹೊಸ ವಿವರವೇನೂ ಕಾಣುವುದಿಲ್ಲ, ಇರುವ ಬೆಳಕೂ ಮಸುಕಾಗುತ್ತದೆ.

ಮೊದಲು ಕೊಳ್ಳಬೇಕಾದದ್ದು 32 ಮಿ.ಮೀ. ಪ್ಲೋಸೆಲ್ (ಒಂದು ಸಾಮಾನ್ಯ ಬಗೆಯ ಐಪೀಸ್) ಎಂಬುದು ನನ್ನ ದೃಢವಾದ ಅಭಿಪ್ರಾಯ. ವರ್ಧನೆ ಕೇವಲ 28 ಪಟ್ಟು, ಆದರೆ ಆಕಾಶದ ಸುಮಾರು 1.7 ಡಿಗ್ರಿ ಒಮ್ಮೆಗೇ ಕಾಣುವುದರಿಂದ ಕೃತ್ತಿಕೆಯ ಮುಖ್ಯ ನಕ್ಷತ್ರಗಳೆಲ್ಲ ಒಂದೇ ನೋಟದೊಳಗೆ ಬರುತ್ತವೆ. ನಮ್ಮ ಭಾಗದಲ್ಲಿ ಒಮೆಗಾ ಸೆಂಟಾರಿ ಗುಚ್ಛವು ದಕ್ಷಿಣ ದಿಗಂತದಿಂದ ಸುಮಾರು 25 ಡಿಗ್ರಿ ಮೇಲೇರುತ್ತದೆ. ಹೊಲದಿಂದ ಅದನ್ನು ಹುಡುಕುವುದಕ್ಕೂ ಇದೇ ಸರಿ. ಬಳಿಕ 12 ಮಿ.ಮೀ. ಪ್ಲೋಸೆಲ್ ಮತ್ತು 2 ಪಟ್ಟಿನ ಒಳ್ಳೆಯ ಬಾರ್ಲೋ ಇದ್ದರೆ 75 ಮತ್ತು 150 ಪಟ್ಟುಗಳೂ ದೊರೆಯುತ್ತವೆ.

ಉತ್ತರ 2 (ಯಾದಗಿರಿ):
32 ಮಿ.ಮೀ. ಬಗ್ಗೆ ಒಪ್ಪುತ್ತೇನೆ, 12 ಮಿ.ಮೀ. ಪ್ಲೋಸೆಲ್ ಬಗ್ಗೆ ಒಪ್ಪಲಾರೆ. ಪ್ಲೋಸೆಲ್‌ನಲ್ಲಿ ಕಣ್ಣನ್ನು ಇಡಬೇಕಾದ ದೂರ ಅದರ ಸಂಗಮದೂರದ ಸುಮಾರು ಮುಕ್ಕಾಲು ಭಾಗ ಮಾತ್ರ, 12 ಮಿ.ಮೀ.ನಲ್ಲಿ ಅದು 9 ಮಿ.ಮೀ.ನಷ್ಟಾಗುವುದರಿಂದ ಕನ್ನಡಕದ ಗಾಜು ಐಪೀಸಿಗೆ ತಗಲುತ್ತದೆ, ನೋಟದ ಅಂಚು ಕಾಣುವುದಿಲ್ಲ. ನಿಮ್ಮದು ಬರೀ ಸಮೀಪದೃಷ್ಟಿಯಾಗಿದ್ದರೆ ಕನ್ನಡಕ ತೆಗೆದು ಫೋಕಸ್ ಹೊಂದಿಸಿಕೊಂಡರೆ ಸಾಕು. ಸಿಲಿಂಡರ್ ನಂಬರ್ (ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷ) ಇದ್ದರೆ ಮಾತ್ರ, ವಿಶೇಷವಾಗಿ ಕಡಿಮೆ ವರ್ಧನೆಯಲ್ಲಿ, ಕನ್ನಡಕ ಬೇಕಾಗುತ್ತದೆ. ವರ್ಧನೆ ಹೆಚ್ಚಿದಂತೆ ಕಣ್ಣಿಗೆ ಬರುವ ಬೆಳಕಿನ ಕಂಬಿ ಸಣ್ಣದಾಗಿ ಆ ದೋಷದ ಪರಿಣಾಮ ತಗ್ಗುತ್ತದೆ.

ಆದ್ದರಿಂದ ಕಣ್ಣಿಗೆ 66 ಡಿಗ್ರಿ ಅಗಲವಾಗಿ ಕಾಣುವ ನೋಟದ (ಇದು ಆಕಾಶದ ಅಳತೆಯಲ್ಲ), ಗೋಲ್ಡ್‌ಲೈನ್ ಎಂದು ಕರೆಯಲಾಗುವ 9 ಮತ್ತು 6 ಮಿ.ಮೀ. ಐಪೀಸ್‌ಗಳನ್ನು ಪರಿಗಣಿಸಿ. ಅವುಗಳಲ್ಲಿ ಕಣ್ಣಿಗೆ ಸುಮಾರು 15 ಮಿ.ಮೀ. ಅಂತರ ಸಿಗುತ್ತದೆ. ಮೋಟಾರು ಇಲ್ಲದ ನಿಮಗೆ ಇನ್ನೊಂದು ಲಾಭವೂ ಇದೆ: 150 ಪಟ್ಟಿನಲ್ಲಿ ಗ್ರಹವು ಪ್ಲೋಸೆಲ್‌ನ ನೋಟವನ್ನು ಸುಮಾರು 80 ಸೆಕೆಂಡಿನಲ್ಲಿ ದಾಟಿದರೆ ಇದರಲ್ಲಿ ಸುಮಾರು 105 ಸೆಕೆಂಡು ಉಳಿಯುತ್ತದೆ.

ಉತ್ತರ 3 (ಶಹಾಬಾದ್):
ಹಣ ಖರ್ಚು ಮಾಡುವ ಮೊದಲು ನೀವು ನಿಂತು ನೋಡುವ ಜಾಗವನ್ನು ಪರೀಕ್ಷಿಸಿ. ನಮ್ಮೂರಿನ ಕಲ್ಲು ಹಾಸಿದ ಮಾಳಿಗೆಗಳು ಬೇಸಿಗೆಯ ಹಗಲೆಲ್ಲ ಹೀರಿದ ಕಾವನ್ನು ರಾತ್ರಿ ಬಹಳ ಹೊತ್ತಿನವರೆಗೆ ಬಿಡುತ್ತಲೇ ಇರುತ್ತವೆ, ಆ ಬಿಸಿಗಾಳಿಯಲ್ಲಿ ಗುರುವಿನ ಪಟ್ಟೆಗಳು ಕಲಸಿಹೋಗುತ್ತವೆ. ಅಂಗಳದ ಮಣ್ಣಿನ ಮೇಲೆ ಇಟ್ಟು, ಕನ್ನಡಿ ತಣಿಯಲು ಅರ್ಧ ಗಂಟೆಯಾದರೂ ಬಿಟ್ಟು, ಕನ್ನಡಿಗಳ ಹೊಂದಾಣಿಕೆಯನ್ನು ಸರಿಪಡಿಸಿ ಈಗಿರುವ 10 ಮಿ.ಮೀ.ನಲ್ಲೇ ನೋಡಿ. 90 ಪಟ್ಟಿನಲ್ಲೇ ಬಿಂಬ ನಡುಗುತ್ತಿದ್ದರೆ 6 ಮಿ.ಮೀ. ಅಂದು ಉಪಯೋಗಕ್ಕೆ ಬಾರದು. ಶನಿಯ ಬಳೆಗಳು ತೆಳ್ಳಗೆ ಕಂಡರೆ ಅದು ಐಪೀಸಿನ ದೋಷವಲ್ಲ. 2025ರ ಮಾರ್ಚ್‌ನಲ್ಲಿ ಅವು ಭೂಮಿಗೆ ಅಂಚನ್ನಷ್ಟೇ ತೋರಿದ್ದವು, ಆಮೇಲೆ ವರ್ಷಗಳ ಕಾಲ ನಿಧಾನವಾಗಿ ತೆರೆದುಕೊಳ್ಳುತ್ತವೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನನಗೆ ಸಿಲಿಂಡರ್ ನಂಬರ್ ಇದೆ. ಈಗ 32 ಮತ್ತು 9 ಮಿ.ಮೀ. ಕೊಂಡರೆ ಬಾರ್ಲೋ ಕೂಡ ಬೇಕೇ?

ಉತ್ತರ 1 (ಬೀದರ್):
ಈಗ ಬೇಡ. 9ಕ್ಕೆ 2 ಪಟ್ಟಿನ ಬಾರ್ಲೋ ಸೇರಿಸಿದರೆ 200 ಪಟ್ಟಾಗುತ್ತದೆ, ಅದು ನಿಮ್ಮ ಕನ್ನಡಿಗೆ ಅಪರೂಪಕ್ಕಷ್ಟೇ ಒಗ್ಗುತ್ತದೆ. ಕನ್ನಡಕದ ವಿಷಯದಲ್ಲಿ ಯಾದಗಿರಿಯವರ ಸಲಹೆಯೇ ನಿಮಗೆ ಹೊಂದುತ್ತದೆ. ಕೊಳ್ಳುವಾಗ ಕೊಳವೆಯ ವ್ಯಾಸ 1.25 ಇಂಚು ಎಂಬುದನ್ನು ಖಚಿತಪಡಿಸಿಕೊಳ್ಳಿ. ಹಳೆಯ ದೂರದರ್ಶಕಗಳ 0.965 ಇಂಚಿನವು ನಿಮ್ಮದರಲ್ಲಿ ಕೂರುವುದಿಲ್ಲ.