ಒಂದನೇ ಕ್ಲಾಸಿಗೆ ಮೊದಲು ಬರೆಸಬೇಕಾದ್ದು ‘ಅ ಆ ಇ ಈ’ನಾ, ‘ರ ಗ ಸ ದ ಅ’ನಾ?

ಪುಟ್ಟಿಯ ಅಮ್ಮ: ಮಗಳು ಈ ವರ್ಷ ಸರ್ಕಾರಿ ಶಾಲೆಗೆ ಸೇರಿದ್ದಾಳೆ. ಅಲ್ಲಿ ನಲಿ-ಕಲಿ ಅಂತ, ಆಟ ಹಾಡಿನ ಜೊತೆ ಕಲಿಸೋ ಪದ್ಧತಿಯಲ್ಲಿ ರ ಗ ಸ ದ ಅ ಅಂತ ಶುರು ಮಾಡಿದ್ದಾರೆ. ನಮ್ಮ ಮಾವನವರಿಗೆ ಇದು ಒಪ್ಪಿಗೆ ಇಲ್ಲ. ಸಂಜೆ ಸ್ಲೇಟು ಕೊಟ್ಟು ಅ ಆ ಇ ಈ ತಿದ್ದಿಸುತ್ತಾರೆ. ಮಗುಗೆ ಗೊಂದಲ ಆಗ್ತಿದೆ. ಏನು ಮಾಡಲಿ?

ಹಳೇ ಮೇಷ್ಟ್ರು: ನಿಮ್ಮ ಮಾವನವರು ಹೇಳೋದೇ ಸರಿ ತಾಯಿ. ನಮ್ಮ 49 ಅಕ್ಷರಕ್ಕೂ ಒಂದು ಕ್ರಮ ಇದೆ. ಕ ಖ ಗ ಘ ಗಂಟಲಲ್ಲಿ ಹುಟ್ಟುತ್ತವೆ, ಅಲ್ಲಿಂದ ಮುಂದೆ ಮುಂದೆ ಬಂದು ಪ ಫ ಬ ಭ ತುಟಿಗೆ ತಲುಪುತ್ತವೆ. ಇಷ್ಟು ಚೆಂದದ ಜೋಡಣೆ ಬಿಟ್ಟು ಚೆಲ್ಲಾಪಿಲ್ಲಿಯಾಗಿ ಯಾಕೆ ಕಲಿಸಬೇಕು? ನಾಳೆ ನಿಘಂಟು ನೋಡೋಕೂ ಇದೇ ಕ್ರಮ ಬೇಕಲ್ವಾ?

ನಲಿಕಲಿ ಟೀಚರ್: ಸರ್, ಬಾಯಲ್ಲಿ ಹೇಳಿಸೋಕೆ ವರ್ಣಮಾಲೆ ಇರಲಿ, ನಾವೂ ಹಾಡಿಸುತ್ತೇವೆ. ಬರೆಸೋಕೆ ಬೇಡ ಅನ್ನೋದಷ್ಟೇ ನನ್ನ ಮಾತು. ಸ್ವರದಲ್ಲೇ ಈ, ಋ ಬರುತ್ತವೆ, ಆ ತಿರುವುಗಳಿಗೆ ಆರು ವರ್ಷದ ಬೆರಳು ಇನ್ನೂ ಪಳಗಿರುವುದಿಲ್ಲ. ರ, ಗ ಹಾಗಲ್ಲ, ಒಂದು ಸುತ್ತು, ಮೇಲೊಂದು ತಲೆಕಟ್ಟು, ಮುಗೀತು. ಈ ಐದು ಅಕ್ಷರ ಬಂದರೆ ಸರ, ದರ, ಅರಸ, ಅಗಸ, ಗರಗಸ ಎಲ್ಲಾ ಬರೆಯಬಹುದು. ಸ್ವರ ಪೂರ್ತಿ ತಿದ್ದಿದ ಮಗುವೂ ‘ಆಟ’ ಅಂತ ಬರೆಯೋಕೆ ಟ ಬರೋವರೆಗೆ ಕಾಯಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರು ಮಾಡಿದ್ದು ಶಾಲೆಯ ಶಿಕ್ಷಕರೇ. ಮಗು ತನ್ನ ವೇಗದಲ್ಲಿ ಕಲೀಲಿ ಅನ್ನೋದು ಅದರ ತಳಪಾಯ.

ಬಸವನಗುಡಿ ಅಪ್ಪ: ಕ್ರಮ ಯಾವುದಾದರೂ ಇರಲಿ, ನನ್ನ ತಕರಾರು ಹೋಂವರ್ಕ್ ಬಗ್ಗೆ. ಮಗನಿಗೆ ದಿನಾ ಒಂದೊಂದು ಅಕ್ಷರ ಪುಟ ತುಂಬ ಬರೆಯೋಕೆ ಕೊಡ್ತಾರೆ. ಮೊದಲ ಸಾಲಿನಲ್ಲಿ ಮ ಚೆನ್ನಾಗಿರುತ್ತೆ, ಕೆಳಗೆ ಹೋಗ್ತಾ ಹೋಗ್ತಾ ಬಾಲ ಕಳೆದುಕೊಂಡು ವ ಆಗಿರುತ್ತೆ, ಯಾಕಂದ್ರೆ ಅವನು ಕೊನೆಗೆ ಮೇಲಿನ ಸಾಲು ನೋಡೋದನ್ನೇ ಬಿಟ್ಟಿರ್ತಾನೆ, ಬೇಗ ಮುಗಿಸಿ ಆಟಕ್ಕೆ ಓಡಬೇಕು ಅಷ್ಟೇ. ಇದು ಕಲಿಕೆನಾ?

ಹಳೇ ಮೇಷ್ಟ್ರು: ಕೈ ತಿರುಗಬೇಕಾದರೆ ತಿದ್ದಲೇಬೇಕು. ಈಗ ಅದನ್ನೇ ಬಿಟ್ಟಿದ್ದೀರಿ, ಹೈಸ್ಕೂಲು ಹುಡುಗರ ಅಕ್ಷರ ಓದೋಕಾಗಲ್ಲ.

ನಲಿಕಲಿ ಟೀಚರ್: ತಿದ್ದಲಿ ಸರ್, ಪುಟಗಟ್ಟಲೆ ಬೇಡ. ನಾಲ್ಕು ಸಲ ಗಮನ ಕೊಟ್ಟು ಬರೆದರೆ ಸಾಕು. ಆಮೇಲೆ ಅದೇ ಅಕ್ಷರ ಇಟ್ಟುಕೊಂಡು ತನ್ನ ಮಾತು ಬರೀಲಿ. ಮೊನ್ನೆ ಎರಡನೇ ಕ್ಲಾಸಿನ ಹುಡುಗ ಸ್ಲೇಟಿನ ಮೇಲೆ ‘ನಮ ಎಮೆ ಕರು ಹಾಕತು’ ಅಂತ ಬರೆದು ತಂದ. ಒತ್ತಕ್ಷರ ಒಂದೂ ಇಲ್ಲ. ಆದರೆ ಯಾರೂ ಹೇಳಿಕೊಡದೆ ಮನೆ ಸುದ್ದಿ ಬರೆದಿದ್ದಾನೆ! ನಾನು ಇಂಟು ಹಾಕಲಿಲ್ಲ. ಕೆಳಗೆ ‘ನಮ್ಮ ಎಮ್ಮೆ ಕರು ಹಾಕಿತು’ ಅಂತ ಬರೆದು, ಎರಡನ್ನೂ ಓದು ಅಂದೆ. ಎಮೆ ಅಂತ ಓದಿ ಅವನೇ ನಕ್ಕ, ಮ ಕೆಳಗೆ ಒತ್ತು ಕೊಟ್ಟ.

ಧಾರವಾಡದ ಅಕ್ಕ: ಇದು ಭಾಳ ಚಲೋ ಆತು. ನಾ ಅಂಗನವಾಡಿಯೊಳಗ ಪೆನ್ಸಿಲ್ ಕೊಡೋಕಿಂತ ಮೊದಲು ಮಣ್ಣಿನ ಉಂಡಿ ಮಾಡಸ್ತೀನಿ, ತಾಟಿನ್ಯಾಗ ಉಸುಕು ಹಾಕಿ ಬೆರಳಲೆ ಬರಸ್ತೀನಿ. ಬೆರಳಿಗೆ ಬಲ ಬರಲಿಲ್ಲಂದ್ರ ಯಾವ ಕ್ರಮ ಇದ್ದು ಏನು ಮಾಡೋದು?

ಹಳೇ ಮೇಷ್ಟ್ರು: ಎಮ್ಮೆ ಹುಡುಗ ಸರಿ. ಆದರೆ 40 ಮಕ್ಕಳ ಕ್ಲಾಸಿನಲ್ಲಿ ಒಬ್ಬೊಬ್ಬರ ಪಕ್ಕ ಹೀಗೆ ಕೂರೋಕೆ ಆಗುತ್ತಾ? ಒಂದು, ಎರಡು, ಮೂರು ಎಲ್ಲಾ ಒಂದೇ ಕೋಣೆಯಲ್ಲಿ, ಟೀಚರು ಒಬ್ಬರೇ ಇರೋ ಶಾಲೆ ಎಷ್ಟಿಲ್ಲ?

ನಲಿಕಲಿ ಟೀಚರ್: ಅದು ನಿಜ ಸರ್, ಎಲ್ಲರ ಹತ್ತಿರ ದಿನಾ ಆಗಲ್ಲ. ನಾನು ದಿನಕ್ಕೆ ಐದಾರು ಮಕ್ಕಳನ್ನು ನೋಡ್ತೀನಿ, ಉಳಿದವರು ಗುಂಪಿನಲ್ಲಿ ಒಬ್ಬರದ್ದೊಬ್ಬರು ಓದಿ ನೋಡ್ತಾರೆ. ಪುಟ್ಟಿಯ ಅಮ್ಮ, ಮಾವನವರ ಹತ್ತಿರ ಜಗಳ ಬೇಡ. ಸಂಜೆ ಅವರು ವರ್ಣಮಾಲೆ ಹಾಡಿಸಲಿ. ಸ್ಲೇಟು ಹಿಡಿದಾಗ ಮಾತ್ರ ಶಾಲೆಯಲ್ಲಿ ಬಂದ ಅಕ್ಷರದಲ್ಲೇ ಒಂದು ಪದ ಕೇಳಲಿ.

ಪುಟ್ಟಿಯ ಅಮ್ಮ: ಸರಿ ಮೇಡಂ, ಹಾಗೇ ಹೇಳ್ತೀನಿ. ಇವತ್ತು ‘ಅರಸ’ ಬರೆದು ತಾತನಿಗೇ ಮೊದಲು ತೋರಿಸಿದ್ದಾಳೆ. ಇನ್ನೊಂದು ಕೇಳೋದಿತ್ತು, ಅವಳು ಎಡಗೈಯಲ್ಲಿ ಬರೀತಾಳೆ, ಬಲಗೈಗೆ ಬದಲಾಯಿಸಬೇಕಾ?

ಧಾರವಾಡದ ಅಕ್ಕ: ಬ್ಯಾಡ್ರಿ, ಎಡಗೈಲೇನ ಬರೀಲಿ. ಪುಸ್ತಕ ಸ್ವಲ್ಪ ಬಲಕ್ಕ ವಾಲಿಸಿ ಇಡ್ರಿ, ಬರದದ್ದು ಕೈ ಕೆಳಗ ಮುಚ್ಚಂಗಿಲ್ಲ.