ಹೊಂಜು ಬೀಳುತ್ತದೋ, ಕೂರುತ್ತದೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು. ನಮ್ಮೂರು ಕಾರಟಗಿ ಹತ್ತಿರ, ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಭತ್ತದ ಸೀಮೆ. ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಕಟಾವು ಮುಗಿಯುತ್ತದೆ, ಗದ್ದೆಯಲ್ಲಿ ಉಳಿದ ಹುಲ್ಲಿಗೆ ಬೆಂಕಿ ಬೀಳುತ್ತದೆ, ಆಮೇಲೆ ಎಷ್ಟೋ ದಿನ ಬೆಳಿಗ್ಗೆ ಎದ್ದರೆ ಊರಾಚೆಯ ರೈಸ್ ಮಿಲ್ ಚಿಮಣಿ ಕೂಡ ಕಾಣುವುದಿಲ್ಲ. ಬೇಸಿಗೆ ಬೆಳೆ ಕೊಯ್ದಾಗ, ಏಪ್ರಿಲ್–ಮೇನಲ್ಲಿ, ಮತ್ತೆ ಅದೇ ಘಾಟು. ಹೀಗೆ ಊರನ್ನೇ ಮುಚ್ಚುವ ಈ ಹೊಗೆಗೆ ಕನ್ನಡದಲ್ಲಿ ಏನನ್ನಬೇಕು?

ದೆಹಲಿಯ ಕೆಟ್ಟ ಗಾಳಿಯ ಸುದ್ದಿ ಬಂದಾಗ ಪತ್ರಿಕೆಗಳಲ್ಲಿ ‘ಹೊಂಜು’ ಅಂತ ಓದಿರುತ್ತೀರಿ. ಹೊಗೆಯ ತಲೆ, ಮಂಜಿನ ಬಾಲ. ಇಂಗ್ಲಿಷಿನ ಸ್ಮಾಗ್ ಕೂಡ ಹೀಗೇ ಸ್ಮೋಕ್ (ಹೊಗೆ), ಫಾಗ್ (ಮಂಜು) ಅನ್ನುವ ಎರಡು ಪದ ಬೆಸೆದು ಆದದ್ದು, 1905ರ ಸುಮಾರಿಗೆ ಲಂಡನ್ನಿನ ಹೊಗೆಯ ವಿಚಾರದಲ್ಲಿ ಬಳಕೆಗೆ ಬಂತು. ಕಟ್ಟಿದವರ ಜಾಣ್ಮೆ ನನಗೆ ಇಷ್ಟವೇ. ಆದರೆ ಮೊನ್ನೆ ಸುದ್ದಿ ಓದಿ ಹೇಳಿದಾಗ ಅಪ್ಪನಿಗೆ ‘ಹೊಂಚು’ ಅಂತ ಕೇಳಿಸಿತು, ಯಾರು ಹೊಂಚು ಹಾಕಿದ್ದಾರೆ ಅಂದರು. ಇನ್ನೊಂದು ತೊಡಕೂ ಇದೆ. ಹೊಂಬಿಸಿಲು, ಹೊಂಬಣ್ಣ, ಹೊಂಬಾಳೆ ಅಂದುಕೊಂಡೇ ಬೆಳೆದ ನಮ್ಮ ಕಿವಿಗೆ ‘ಹೊಂ’ ಅಂದ ಕೂಡಲೇ ಹೊನ್ನು ಹೊಳೆಯುತ್ತದೆ. ಮಗುವಿಗೆ ಕೆಮ್ಮು ತರುವ ಗಾಳಿಗೆ ಚಿನ್ನದ ಹೆಸರು ಬೇಡ ಅಲ್ವಾ?

‘ಹೊಗೆಮಂಜು’ ಸುಲಭ, ಕೇಳಿದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ನಮ್ಮ ಸಮಾಸಗಳಲ್ಲಿ ಹೆಚ್ಚಾಗಿ ಕೊನೆಯ ಪದಕ್ಕೇ ತೂಕ, ಹಾಗಾಗಿ ಅದು ಒಂದು ಬಗೆಯ ಮಂಜು ಅಂತಲೇ ಆಯಿತು. ಮಂಜು ಬರೀ ನೀರಿನ ಹನಿ, ಬಿಸಿಲೇರಿದರೆ ಆರಿಹೋಗುತ್ತದೆ. ಹೊಗೆಯಲ್ಲಿರುವ ಕಣಗಳಲ್ಲಿ ಹೆಚ್ಚಿನವು 2.5 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣವು, ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಚಳಿಗಾಲದ ರಾತ್ರಿ ನೆಲ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗೆ ಉಳಿದಾಗ ಅದು ಮುಚ್ಚಳದ ಹಾಗೆ ಆಗಿಬಿಡುತ್ತದೆ, ಹೊಗೆ ಮೇಲೇಳದೆ ಕೆಳಗೇ ನಿಲ್ಲುತ್ತದೆ. ಏಪ್ರಿಲ್–ಮೇ ಬಿಸಿಲಲ್ಲಂತೂ ಮಂಜು ಎಲ್ಲಿಂದ ಬರಬೇಕು? ನಿಘಂಟಿನ ‘ಕಾವಳ’ ನೆನಪಾಯಿತು, ಚೆಂದದ ಪದ, ಆದರೆ ಅದರಲ್ಲಿ ಕತ್ತಲೆ, ಮಬ್ಬು ಇದೆ, ಹೊಗೆ ಇಲ್ಲ.

ನನಗೆ ದಾರಿ ತೋರಿಸಿದ್ದು ನಮ್ಮವ್ವ. ಬೆಳಿಗ್ಗೆ ಹೊರಗೆ ಹೋಗಿ ಬಂದು ಅವ್ವ ಅಂದದ್ದು ಇಷ್ಟೇ: “ಹೊಗಿ ಕುಂತೈತಿ, ಹುಡುಗೀನ್ನ ಹೊರಗ ಬಿಡಬ್ಯಾಡ.” ತಂತಿಯ ಮೇಲೆ ಒಣಹಾಕಿದ್ದ ಬಿಳಿ ಧೋತರದ ಮೇಲೆ ಸುಟ್ಟ ಹುಲ್ಲಿನ ಎಳೆಗಳು ಬಿದ್ದಿದ್ದವು, ಆಕಾರ ಹಾಗೇ ಇತ್ತು, ಬೆರಳು ತಾಗಿಸಿದ್ದೇ ತಡ ಕಪ್ಪು ಗೆರೆಯಾಗಿ ಬಟ್ಟೆಗೆ ಮೆತ್ತಿಕೊಂಡಿತು. ಆಗ ಹೊಳೆಯಿತು, ಮಂಜು ಬೀಳುತ್ತದೆ, ಕವಿಯುತ್ತದೆ, ಕರಗುತ್ತದೆ, ಹೊಗೆ ಮಾತ್ರ ಕೂರುತ್ತದೆ. ಅವ್ವ ಹೊಸ ನಾಮಪದ ಹುಡುಕಲಿಲ್ಲ, ಕ್ರಿಯಾಪದದಲ್ಲೇ ಎಲ್ಲ ಹೇಳಿದಳು. ಹೊಂಜಿಗೆ ಯಾವ ಕ್ರಿಯಾಪದ ಹೊಂದುತ್ತದೆ ಹೇಳಿ. ಬೀಳುತ್ತದೋ, ಕವಿಯುತ್ತದೋ, ಕೂರುತ್ತದೋ? ಕ್ರಿಯಾಪದ ಜೊತೆಗಿಲ್ಲದ ಪದ ಜನರ ಬಾಯಿಗೆ ಬರುವುದು ಕಷ್ಟ ಅಂತ ನನಗನ್ನಿಸುತ್ತದೆ.

ಇದರ ಜೊತೆ ‘ಕೂಳೆ’ಯದ್ದೂ ಕೇಳಿಬಿಡುತ್ತೇನೆ. ಪಂಜಾಬ್, ಹರಿಯಾಣದ ಸುದ್ದಿಯಲ್ಲಿ ‘ಕೂಳೆ ಸುಡುವುದು’ ಅಂತ ಬರೆಯುತ್ತಾರೆ. ಕೂಳೆ ಅಂದರೆ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಮೋಟು, ಕಬ್ಬಿನಲ್ಲಾದರೆ ಅದು ಮತ್ತೆ ಚಿಗುರಿ ಕೂಳೆ ಬೆಳೆ ಆಗುತ್ತದೆ. ಆದರೆ ಅಲ್ಲಿನವರು ಹೇಳುವ ‘ಪರಾಲಿ’ ಭತ್ತದ ಹುಲ್ಲು. ಕಟಾವು ಯಂತ್ರ ಹೋದ ಮೇಲೆ ಹಿಂದೆ ಸಾಲುಸಾಲಾಗಿ ಉದುರಿ ಬಿದ್ದಿರುತ್ತದಲ್ಲ, ಧಗ್ಗನೆ ಹೊತ್ತಿಕೊಳ್ಳುವುದು ಅದು. ಹಸಿ ಮೋಟು ಅಷ್ಟು ಬೇಗ ಉರಿಯುವುದಿಲ್ಲ. ಕುಡುಗೋಲಿನಲ್ಲಿ ಕೊಯ್ಯುತ್ತಿದ್ದಾಗ ಆ ಹುಲ್ಲೆಲ್ಲ ಬಣವೆಗೆ ಹೋಗುತ್ತಿತ್ತು, ಅದಕ್ಕೆ ಬೇರೆ ಹೆಸರೇ ಬೇಕಿರಲಿಲ್ಲ. ಈಗ ಅದನ್ನು ಆರಿಸಿ ಕಟ್ಟಿಸಲು ದುಡ್ಡು ಬೇಕು, ಮುಂದಿನ ನಾಟಿಗೆ ಕಾಲುವೆ ನೀರು ಬರುವುದರೊಳಗೆ ಗದ್ದೆ ತೆರವಾಗಬೇಕು, ಹಾಗಾಗಿ ರೈತರನ್ನು ಸುಮ್ನೆ ಬೈದರೆ ಆಗುವುದಿಲ್ಲ. ಕಬ್ಬಿನ ಒಣಗರಿಗೆ ಬೆಳಗಾವಿ ಕಡೆ ‘ರವದಿ’, ಮಂಡ್ಯ ಕಡೆ ‘ತರಗು’ ಅಂತ ಒಳ್ಳೆಯ ಪದಗಳಿವೆ. ಯಂತ್ರ ಉದುರಿಸಿದ ಈ ಭತ್ತದ ಹುಲ್ಲಿಗೂ ಎಲ್ಲಾದರೂ ಒಂದು ಹೆಸರು ಹುಟ್ಟಿರಬೇಕು.

ಸಿಂಧನೂರು, ಸಿರುಗುಪ್ಪ, ದಾವಣಗೆರೆ, ಮಂಡ್ಯದ ಭತ್ತದ ಸೀಮೆಯವರು ಇದ್ದರೆ ದಯವಿಟ್ಟು ಹೇಳಿ. ನಿಮ್ಮ ಮನೆಯಲ್ಲಿ ಹಿರಿಯರು ಈ ಬೆಳಗಿನ ಹೊಗೆಗೆ ಏನನ್ನುತ್ತಾರೆ? ಬರೀ ಪದ ಸಾಲದು, ಅವರು ಆಡಿದ ಇಡೀ ವಾಕ್ಯ ಹಾಗೇ ಬರೆದು ಕಳಿಸಿ.