‘ಪಟ್ಟ ಕಟ್ಟು’: ಕಟ್ಟುವುದು ಎಲ್ಲಿಗೆ?

ಎಲ್ಲರಿಗೂ ನಮಸ್ಕಾರ.

2023ರ ಮೇ 6ರಂದು ಲಂಡನ್ನಿನಲ್ಲಿ ಮೂರನೇ ಚಾರ್ಲ್ಸ್ ತಲೆಗೆ ಕಿರೀಟ ಇಟ್ಟರಲ್ಲ, ಅದರ ಬಗ್ಗೆ ‘ಚಾರ್ಲ್ಸ್‌ಗೆ ಪಟ್ಟ ಕಟ್ಟಿದರು’ ಅಂತ ಗೆಳೆಯರೊಬ್ಬರು ಬರೆದಿದ್ದರು. ಇನ್ನೊಬ್ಬರು ತಕರಾರು ತೆಗೆದರು: ಕಿರೀಟವನ್ನು ಇಡುತ್ತಾರೆ, ಕಟ್ಟುವುದು ಎಲ್ಲಿಂದ ಬಂತು? ತಕರಾರಿನಲ್ಲಿ ಹುರುಳಿದೆ.

ನಾವು ರುಮಾಲು ಸುತ್ತುತ್ತೇವೆ, ಹೂ ಮುಡಿಯುತ್ತೇವೆ, ಟೋಪಿ ಹಾಕುತ್ತೇವೆ (ಇದರ ಇನ್ನೊಂದು ಅರ್ಥ ಬಿಡಿ). ಪಟ್ಟವನ್ನು ಕಟ್ಟುತ್ತೇವೆ. ಯಾಕಂದ್ರೆ ಇಲ್ಲಿ ಪಟ್ಟ ಅಂದರೆ ಮೊದಲು ಸಿಂಹಾಸನ ಅಲ್ಲ, ಹಣೆಗೆ ಕಟ್ಟುವ ಪಟ್ಟಿ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಇದಕ್ಕೇ ಒಂದು ಅಧ್ಯಾಯ ಇದೆ. ಆರನೇ ಶತಮಾನದ ಗ್ರಂಥ ಅದು. ರಾಜನ ಪಟ್ಟಕ್ಕೆ 5 ಶಿಖೆ (ಮೇಲಕ್ಕೆ ಚಾಚಿದ ತುದಿ), ರಾಣಿಗೂ ಯುವರಾಜನಿಗೂ 3, ಸೇನಾಪತಿಗೆ 1. ಶಿಖೆಯೇ ಇಲ್ಲದ್ದು ಪ್ರಸಾದಪಟ್ಟ, ಅರಸ ಮೆಚ್ಚಿ ಕೊಡುವಂಥದ್ದು. ಹಣೆ ನೋಡಿದರೆ ಸಾಕು, ಎದುರಿಗಿರುವವರ ಅಂತಸ್ತು ತಿಳಿಯುತ್ತಿತ್ತು.

ನಮ್ಮ ಶಾಸನಗಳಲ್ಲೂ ಇದೇ ಮಾತು. ರಾಷ್ಟ್ರಕೂಟರ ಗೋವಿಂದ, ಪಲ್ಲವರ ನಂದಿವರ್ಮ ಇಬ್ಬರೂ ತಮ್ಮ ಕೈಯಾರೆ ಗಂಗರ ಶಿವಮಾರನ ಹಣೆಗೆ ಪಟ್ಟ ಕಟ್ಟಿದರು ಅಂತ ಗಂಗರ ಶಾಸನ ಹೇಳುತ್ತದೆ. ಬೇಗೂರಿನ ವೀರಗಲ್ಲು ನನಗೆ ಇನ್ನೂ ಹೆಚ್ಚು ಇಷ್ಟ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಪ್ರಕಾರ, ನಾಗತ್ತರ ಅನ್ನುವ ವೀರ ಕಾಳಗದಲ್ಲಿ ಸತ್ತ ಸುದ್ದಿ ಕೇಳಿ ಗಂಗರ ದೊರೆ ಎರೆಯಪ್ಪ ಇರುಗ ಅನ್ನುವವನಿಗೆ ‘ನಾಗತ್ತರ ಪಟ್ಟ’ ಕಟ್ಟಿ, ಬೆಂಪೂರು ಹನ್ನೆರಡನ್ನು (ಹನ್ನೆರಡು ಹಳ್ಳಿಗಳ ಗುಂಪು) ಕೊಟ್ಟ. ಬೆಂಪೂರು ಅಂದರೆ ಇದೇ ಬೇಗೂರು. ಇಲ್ಲಿ ಪಟ್ಟ ಅರಸರ ಸೊತ್ತೇ ಆಗಿ ಉಳಿದಿಲ್ಲ. ಒಡವೆ ಅನ್ನುವ ಅರ್ಥದಿಂದ ಪದವಿಯ ಕಡೆಗೆ ಆಗಲೇ ಜಾರುತ್ತಿದೆ ಅನಿಸುತ್ತದೆ.

ಗ್ರೀಕ್ ದೊರೆಗಳು ತೊಡುತ್ತಿದ್ದ ಡಯಾಡೆಮ್ ಕೂಡ ತಲೆಗೆ ಕಟ್ಟುವ ಪಟ್ಟಿಯೇ. ಆ ಪದದ ಮೂಲದಲ್ಲೇ ‘ಸುತ್ತ ಕಟ್ಟು’ ಅನ್ನುವ ಅರ್ಥ ಇದೆ. ಅಲೆಕ್ಸಾಂಡರನ ನಂತರದ ದೊರೆಗಳ ನಾಣ್ಯಗಳಲ್ಲಿ ತಲೆಯ ಹಿಂದಿನ ಗಂಟು, ಇಳಿಬಿಟ್ಟ ಎರಡು ತುದಿ ಚೆನ್ನಾಗಿ ಕಾಣುತ್ತವೆ.

ಚಾರ್ಲ್ಸ್ ವಿಷಯಕ್ಕೆ ಬಂದರೆ, ‘ಪಟ್ಟಾಭಿಷೇಕ’ ಅಂದರೆ ತಪ್ಪೇನಿಲ್ಲ. ಕಿರೀಟ ಇಡುವ ಮೊದಲು ಪರದೆಯ ಮರೆಯಲ್ಲಿ ಅವರಿಗೆ ಎಣ್ಣೆ ಹಚ್ಚಿದರು. ಪಟ್ಟ ಇರಲಿಲ್ಲ, ಅಭಿಷೇಕ ಇತ್ತು! ‘ಕಿರೀಟಧಾರಣೆ’ ಅಂದರೆ ಆ ಒಂದು ಗಳಿಗೆ ಮಾತ್ರ ಸಿಗುತ್ತದೆ. ‘ಪಟ್ಟ ಕಟ್ಟಿದರು’ ಅನ್ನುವುದೂ ನುಡಿಗಟ್ಟಾಗಿ ನಡೆಯುತ್ತದೆ. ‘ಸೋಲಿಲ್ಲದ ಸರದಾರ ಅಂತ ಪಟ್ಟ ಕಟ್ಟಿಬಿಟ್ಟರು’ ಅನ್ನುವಾಗ ಯಾರೂ ಹಣೆ ನೋಡುವುದಿಲ್ಲ, ಅಲ್ವಾ? ಆದರೆ ‘ಹಣೆಪಟ್ಟಿ’ಯ ಗತಿ ನೋಡಿ. ಅರಸನ ಹಣೆಯಲ್ಲಿ ಮೆರೆದದ್ದು ಈಗ ಜಾಸ್ತಿ ಕೇಳುವುದು ‘ದ್ರೋಹಿ ಅಂತ ಹಣೆಪಟ್ಟಿ ಹಚ್ಚಿದರು’ ಅನ್ನುವ ಕಡೆ.

ಬಲ್ಲವರನ್ನು ಎರಡು ವಿಷಯ ಕೇಳಬೇಕು. ‘ಪಟ್ಟಕ್ಕೆ ಏರು’, ‘ಪಟ್ಟದಲ್ಲಿ ಕೂರು’ ಅನ್ನುವಾಗ ಪಟ್ಟ ಕೂರುವ ಜಾಗವೇ ಆಗಿಬಿಟ್ಟಿದೆ. ಈ ಬಳಕೆ ನಿಮಗೆ ಸಿಕ್ಕ ಅತಿ ಹಳೆಯ ಕಡೆ ಯಾವುದು? ಮದುವೆಯ ಬಾಸಿಂಗ ಬಿಟ್ಟು, ನಿಮ್ಮೂರಿನ ಮಠದಲ್ಲೋ ಗೌಡಿಕೆಯಲ್ಲೋ ಹಣೆಗೆ ನಿಜವಾದ ಪಟ್ಟಿ ಕಟ್ಟುವುದು ಈಗಲೂ ಉಂಟಾ? ಇದ್ದರೆ ಅದಕ್ಕೆ ಏನಂತಾರೆ, ಯಾತರಿಂದ ಮಾಡುತ್ತಾರೆ ಅಂತ ಬರೆಯಿರಿ.